ಯುದ್ಧವಿಮಾನಗಳ ಬೆಳ್ಳಿಬಣ್ಣ

ವೇದಾಂತಶಾಸ್ತ್ರದಲ್ಲಿ ಭ್ರಾಂತಿಯ ಸ್ವರೂಪವನ್ನು ತಿಳಿಸುವುದಕ್ಕಾಗಿ ಎರಡು ದೃಷ್ಟಾಂತಗಳನ್ನು ಪದೇ ಪದೇ ಕೊಡುವರು. ಮಬ್ಬುಗತ್ತಲೆಯಲ್ಲಿ ಹಗ್ಗವು ಹಾವಾಗಿ ಕಾಣುವುದು ಒಂದು. ಬಿಸಿಲಿನಲ್ಲಿ ಬಿದ್ದಿರುವ ಚಿಪ್ಪು ಬೆಳ್ಳಿಯಾಗಿ ಕಾಣುವುದು ಇನ್ನೊಂದು. ಹಾವಿನ ದೃಷ್ಟಾಂತದಲ್ಲಿ ಭಯವಿದೆ, ಚಿಪ್ಪಿನದರಲ್ಲಿ ಆಸೆಯಿದೆ. ಈ ಶುಕ್ತಿರಜತದ ಮಾತು ಇಪ್ಪತ್ತನೆಯ ಶತಮಾನದ ಯುದ್ಧವಿಮಾನಗಳಿಗೆ ವಿಚಿತ್ರವಾದ ರೀತಿಯಲ್ಲಿ ಒಪ್ಪುತ್ತದೆ. ಹಳೆಯ ಛಾಯಾಚಿತ್ರಗಳಲ್ಲಿಯೂ ಸಂಗ್ರಹಾಲಯಗಳಲ್ಲಿಯೂ ಬೆಳ್ಳಿಯಂತೆ ಥಳಥಳಿಸುವ ವಿಮಾನಗಳನ್ನು ವಾಚಕರು ನೋಡಿರಬಹುದು. ಆ ಹೊಳಪೆಲ್ಲವೂ ಒಂದೇ ಜಾತಿಯದಲ್ಲ. ಕೆಲವು ಕಡೆ ಅದು ಬಟ್ಟೆಯ ಮೇಲೆ ಬಳಿದ ಬಣ್ಣ. ಕೆಲವು ಕಡೆ ಲೋಹದ ಸ್ವಂತ ಕಾಂತಿ. ಮತ್ತೆ ಕೆಲವು ಕಡೆ, ಲೋಹದ ಮೇಲೆಯೇ ಲೋಹದಂತೆ ಕಾಣುವ ಹಾಗೆ ಬಳಿದ ಬಣ್ಣ. ಬೆಳ್ಳಿಯಂತೂ ಎಲ್ಲಿಯೂ ಇಲ್ಲ. ಯಾವುದು ಯಾವುದೆಂದು ವಿವೇಚಿಸುತ್ತ ಹೋದರೆ, ಆ ಯಂತ್ರವನ್ನು ಕಟ್ಟಿದವರು ಯಾವುದಕ್ಕೆ ಅಂಜುತ್ತಿದ್ದರು, ಬಿಸಿಲಿಗೋ, ಕಿಲುಬಿಗೋ, ಭಾರಕ್ಕೋ, ಶತ್ರುವಿನ ಕಣ್ಣಿಗೋ ಎಂಬುದು ತಿಳಿದುಬರುತ್ತದೆ.

ಮೊದಮೊದಲಿನ ವಿಮಾನಗಳಲ್ಲಿ ಲೋಹವು ಬಹು ಸ್ವಲ್ಪವಾಗಿತ್ತು. ಮರದ ಹಂದರ, ಅದರ ಮೇಲೆ ಬಿಗಿದ ಬಟ್ಟೆ, ಅಲ್ಲಲ್ಲಿ ಎಳೆದು ಕಟ್ಟಿದ ತಂತಿ, ಇಷ್ಟೇ ಅದರ ದೇಹ. 1903ರಲ್ಲಿ ರೈಟ್ ಸಹೋದರರು ಹಾರಿಸಿದ ಯಂತ್ರಕ್ಕೆ ಹೊದಿಸಿದ್ದುದು ನಯವಾದ ಹತ್ತಿಯ ಬಟ್ಟೆ. ಮೊದಲನೆಯ ಮಹಾಯುದ್ಧದ ಹೊತ್ತಿಗೆ ಬ್ರಿಟಿಷ್ ವಿಮಾನಗಳಲ್ಲಿ ಅಗಸೆಯ ನಾರಿನಿಂದ ನೆಯ್ದ ಲಿನನ್ ಬಟ್ಟೆಯು ರೂಢಿಗೆ ಬಂದಿತು. ಬಟ್ಟೆಯನ್ನು ಹಂದರಕ್ಕೆ ಹೊಲಿದ ಮೇಲೆ ಸೆಲ್ಯುಲೋಸಿನಿಂದ ತಯಾರಿಸಿದ ‘ಡೋಪ್’ ಎಂಬ ದ್ರವವನ್ನು ಪದರಪದರವಾಗಿ ಬಳಿಯುತ್ತಿದ್ದರು. ಅದು ಒಣಗುತ್ತ ಬಟ್ಟೆಯನ್ನು ಮೃದಂಗದ ಚರ್ಮದಂತೆ ಬಿಗಿಯುವುದು; ಗಾಳಿಯೂ ನೀರೂ ನುಸುಳದಂತೆ ಮಾಡುವುದು. ಆದರೆ ಡೋಪು ಪಾರದರ್ಶಕವಾದ ವಸ್ತು. ಬಿಸಿಲಿನಲ್ಲಿರುವ, ಕಣ್ಣಿಗೆ ಕಾಣದ ಅತಿನೇರಳೆ ಕಿರಣಗಳು ಅದನ್ನು ದಾಟಿಹೋಗಿ ನಾರಿನ ಕಸುವನ್ನು ತಿನ್ನುವುವು. ನೋಡುವುದಕ್ಕೆ ಹೊಸದರಂತೆಯೇ ಇರುವ ಬಟ್ಟೆಯು ಆಕಾಶದಲ್ಲಿ ಗಾಳಿಯ ಒತ್ತಡಕ್ಕೆ ಸಿಕ್ಕಿ ಹರಿದರೆ ವಿಮಾನಚಾಲಕನ ಗತಿಯೇನಾಗುವುದೆಂಬುದನ್ನು ಹೇಳಬೇಕಾಗಿಲ್ಲ.

ಇಂಗ್ಲೆಂಡಿನ ಫಾರ್ನ್‌ಬರೋ ಎಂಬಲ್ಲಿದ್ದ ಸರಕಾರಿ ವಿಮಾನ ಕಾರ್ಖಾನೆಯ ತಜ್ಞರು ಇದಕ್ಕೆ ಒಂದು ಉಪಾಯವನ್ನು ಕಂಡುಕೊಂಡರು. ಡೋಪಿನ ಮೇಲಿನ ಪದರಗಳಲ್ಲಿ ಕಬ್ಬಿಣದ ಆಕ್ಸೈಡಿನ ಕೆಮ್ಮಣ್ಣನ್ನೂ ಸ್ವಲ್ಪ ಕಾಡಿಗೆಯನ್ನೂ ಬೆರಸಿದರೆ ಬೆಳಕು ಒಳಗೆ ಇಳಿಯದು. ಬಟ್ಟೆಯು ಬಹುಕಾಲ ಬಾಳುವುದು. ಆ ಯುದ್ಧದ ಬ್ರಿಟಿಷ್ ವಿಮಾನಗಳ ಕಂದುಹಸಿರು ಬಣ್ಣವು ಹುಟ್ಟಿದ್ದು ಹೀಗೆ. ಬಿಸಿಲು ಹೆಚ್ಚಾಗಿರುವ ದೇಶಗಳಿಗೆಂದು ಕೆಂಪು ಹೆಚ್ಚಾದ ಇನ್ನೊಂದು ಮಿಶ್ರಣವೂ ಇತ್ತು. ಆ ಬಣ್ಣವು ನೆಲದ ಬಣ್ಣವನ್ನು ಹೋಲುತ್ತಿದ್ದುದರಿಂದ ಮೇಲಿನಿಂದ ನೋಡುವ ಶತ್ರುವಿಗೆ ವಿಮಾನವು ಬೇಗ ಕಾಣಿಸದೆಂಬುದು ಎರಡನೆಯ ಲಾಭವಾಯಿತು. ಜನರು ಈಗ ಎರಡನೆಯದನ್ನೇ ಮೊದಲನೆಯದೆಂದು ತಿಳಿಯುವರು. ವಿಮಾನಕ್ಕೆ ಬಣ್ಣ ಬಳಿದುದು ಮೊದಲು ಸೂರ್ಯನಿಂದ ತಪ್ಪಿಸಿಕೊಳ್ಳುವುದಕ್ಕಾಗಿ. ಶತ್ರುವಿನಿಂದ ಮರೆಯಾಗುವುದು ಅದರ ಜೊತೆಗೆ ಬಂದ ಫಲ.

ಯುದ್ಧವು ಮುಗಿದ ಮೇಲೆ ಮರೆಯಾಗುವ ಅವಶ್ಯಕತೆಯು ಹೋಯಿತು. ಬಿಸಿಲು ಮಾತ್ರ ಹೋಗಲಿಲ್ಲ. ಆಗ ಅಲ್ಯುಮಿನಿಯಂ ಪುಡಿಯನ್ನು ಬೆರಸಿದ ಡೋಪು ಬಳಕೆಗೆ ಬಂದಿತು. ಈ ಪುಡಿಯೆಂದರೆ ಉರುಟಾದ ಕಣಗಳಲ್ಲ, ಕಾಗದಕ್ಕಿಂತಲೂ ತೆಳುವಾದ ಚಪ್ಪಟೆಯ ಚೂರುಗಳು. ಅವು ದ್ರವದಲ್ಲಿ ತೇಲಿ ಮೇಲಕ್ಕೆ ಬಂದು, ಛಾವಣಿಯ ಹೆಂಚುಗಳಂತೆ ಒಂದರ ಅಂಚಿನ ಮೇಲೆ ಇನ್ನೊಂದು ಹಾಸಿಕೊಂಡು ಮಲಗುವುವು. ಬಂದ ಬೆಳಕೆಲ್ಲವೂ ಅಲ್ಲಿಂದಲೇ ಹಿಂದಕ್ಕೆ ಹೋಗುವುದರಿಂದ ಕೆಳಗಿನ ಬಟ್ಟೆಯು ನೆರಳಿನಲ್ಲಿದ್ದಂತೆ ಇರುವುದು. 1920ರಿಂದ 1930ರ ದಶಕದ ಕೊನೆಯವರೆಗೆ ಬ್ರಿಟಿಷ್ ವಾಯುಪಡೆಯ ವಿಮಾನಗಳಲ್ಲಿ ಬಹುಭಾಗವು ಬೆಳ್ಳಿಯ ಬಣ್ಣದಲ್ಲಿದ್ದುದಕ್ಕೆ ಕಾರಣವಿದೇ ಹೊರತು ವೈಭವದ ಆಸೆಯಲ್ಲ. ಭಾರತೀಯ ವಾಯುಪಡೆಯು 1932ರ ಅಕ್ಟೋಬರ್ 8ರಂದು ಸ್ಥಾಪಿತವಾಗಿ, ಅದರ ಮೊದಲನೆಯ ದಳವು 1933ರ ಏಪ್ರಿಲ್ 1ರಂದು ಕರಾಚಿಯ ಡ್ರಿಗ್ ರೋಡಿನಲ್ಲಿ ಆರಂಭವಾದಾಗ ಅದರ ಬಳಿಯಿದ್ದುದು ನಾಲ್ಕು ವಾಪಿಟಿ ವಿಮಾನಗಳು. ಅವುಗಳ ಬೆಳ್ಳಿಬಣ್ಣವೂ ಈ ಜಾತಿಯದೇ. ಸಿಂಧದ ಬಿಸಿಲಿಗೆ ಬಟ್ಟೆಯು ಸುಡದಿರಲೆಂದು ಹಿಡಿದ ಕೊಡೆಯೆಂದು ಅದನ್ನು ತಿಳಿಯಬೇಕು.

ಇನ್ನು ಲೋಹದ ಮಾತು. ಅಲ್ಯುಮಿನಿಯಂ ಒಂದು ಕಾಲದಲ್ಲಿ ಬೆಳ್ಳಿಯ ಮರ್ಯಾದೆಯನ್ನು ಪಡೆದಿತ್ತು. ಫ್ರಾನ್ಸಿನ ಚಕ್ರವರ್ತಿ ಮೂರನೆಯ ನೆಪೋಲಿಯನ್ನನು ಗೌರವದ ಅತಿಥಿಗಳಿಗೆ ಅದರ ಚಮಚಗಳನ್ನು ಇಡಿಸುತ್ತಿದ್ದನೆಂದು ಪ್ರತೀತಿಯಿದೆ. 1886ರಲ್ಲಿ ಅಮೆರಿಕದ ಹಾಲ್, ಫ್ರಾನ್ಸಿನ ಎರೂ ಎಂಬ ಇಬ್ಬರು ತರುಣರು, ಒಬ್ಬರ ಸುದ್ದಿ ಇನ್ನೊಬ್ಬರಿಗೆ ತಿಳಿಯದಂತೆ, ವಿದ್ಯುತ್ತಿನಿಂದ ಅದನ್ನು ಬೇರ್ಪಡಿಸುವ ಕ್ರಮವನ್ನು ಕಂಡುಹಿಡಿದರು. ಬೆಲೆಯು ಇಳಿಯಿತು, ಅರಮನೆಯ ಲೋಹವು ಅಡಿಗೆಮನೆಗೆ ಬಂದಿತು. ದಕ್ಷಿಣ ಭಾರತದಲ್ಲಿ ಅಲ್ಯುಮಿನಿಯಂ ಪಾತ್ರೆಗಳ ತಯಾರಿಕೆಯನ್ನು 1898ರಲ್ಲಿ ಮದರಾಸಿನ ಕಲಾಶಾಲೆಯಲ್ಲಿ ಆರಂಭಿಸಿದವರು ಆಲ್‌ಫ್ರೆಡ್ ಚಾಟರ್ಟನ್; ಇವರೇ ಮುಂದೆ ಮೈಸೂರು ಸಂಸ್ಥಾನದ ಕೈಗಾರಿಕಾ ಇಲಾಖೆಯ ಮುಖ್ಯಾಧಿಕಾರಿಗಳಾಗಿದ್ದರು. ಉತ್ತರ ಕರ್ನಾಟಕದ ಮನೆಗಳಲ್ಲಿ ಅಲ್ಯುಮಿನಿಯಂ ಪಾತ್ರೆಯನ್ನು ‘ಜರ್ಮನ್ ಪಾತ್ರೆ’ ಎಂದು ಕರೆಯುವ ವಾಡಿಕೆಯುಂಟು. ಜರ್ಮನ್ ಸಿಲ್ವರ್ ಎಂಬುದು ಬೇರೊಂದು ಮಿಶ್ರಲೋಹ. ತಾಮ್ರ, ಸತು, ನಿಕ್ಕಲುಗಳನ್ನು ಕೂಡಿಸಿ ಮಾಡಿದ ಅದರಲ್ಲಿ ಬೆಳ್ಳಿಯ ಲೇಶವೂ ಇಲ್ಲ. ಆ ಹೆಸರು ಬಿಳಿಯ ಹೊಳಪನ್ನು ಹಿಡಿದುಕೊಂಡು ಅಲ್ಯುಮಿನಿಯಂಗೆ ದಾಟಿತೆಂದು ತೋರುತ್ತದೆ. ಹೆಸರಿನಲ್ಲಿಯೇ ಎರಡು ಭ್ರಾಂತಿಗಳು ಕೂಡಿಕೊಂಡಿವೆ.

ಆದರೆ ವಿಮಾನದ ಮಟ್ಟಿಗೆ ಆ ‘ಜರ್ಮನ್’ ಎಂಬ ಹೆಸರು ನಿಜವಾಯಿತು. ಶುದ್ಧ ಅಲ್ಯುಮಿನಿಯಂ ಮೃದುವಾದುದು. ಅನ್ನ ಬೇಯಿಸುವುದಕ್ಕೆ ಸಾಕು, ರೆಕ್ಕೆಗೆ ಸಾಲದು. ಬರ್ಲಿನ್ನಿನ ಬಳಿ ಕೆಲಸ ಮಾಡುತ್ತಿದ್ದ ಆಲ್‌ಫ್ರೆಡ್ ವಿಲ್ಮ್ ಎಂಬ ಲೋಹಶಾಸ್ತ್ರಜ್ಞನು ಅದರಲ್ಲಿ ನೂರಕ್ಕೆ ನಾಲ್ಕು ಪಾಲಿನಷ್ಟು ತಾಮ್ರವನ್ನೂ ಚೂರು ಮೆಗ್ನೀಸಿಯಮ್ಮನ್ನೂ ಬೆರಸಿ, ಕಾಯಿಸಿ, ನೀರಿನಲ್ಲಿ ಅದ್ದಿ ಪರೀಕ್ಷಿಸಿದನು. ವಾರದ ಕೊನೆಯಲ್ಲಿ ಅಳೆದಾಗ ಸಾಧಾರಣವಾಗಿದ್ದ ತುಂಡು ರಜೆ ಕಳೆದು ಮತ್ತೆ ಅಳೆಯುವಷ್ಟರಲ್ಲಿ ಗಟ್ಟಿಯಾಗಿತ್ತೆಂದು ಲೋಹಶಾಸ್ತ್ರದ ಚರಿತ್ರೆಯಲ್ಲಿ ಹೇಳುವರು. ಯಾರೂ ಮುಟ್ಟದೆ ಸುಮ್ಮನೆ ಇಟ್ಟುದರಿಂದಲೇ ಬಲಿತ ಆ ಲೋಹಕ್ಕೆ 1909ರ ಸುಮಾರಿನಲ್ಲಿ ಡ್ಯುರಲ್ಯುಮಿನ್ ಎಂದು ಹೆಸರಾಯಿತು. ಯೂಂಕರ್ಸ್ ಎಂಬ ಶಿಲ್ಪಿಯು 1915ರ ಡಿಸೆಂಬರಿನಲ್ಲಿ ಹಾರಿಸಿದ, ಪೂರ್ಣವಾಗಿ ಲೋಹದ್ದೇ ಆದ ವಿಮಾನವು ಉಕ್ಕಿನದು. ಜನರು ಅದನ್ನು ‘ತಗಡಿನ ಕತ್ತೆ’ ಎಂದು ಹಾಸ್ಯ ಮಾಡಿದರು. ಎರಡೇ ವರ್ಷಗಳಲ್ಲಿ ಅವನು ಡ್ಯುರಲ್ಯುಮಿನ್ನಿಗೆ ತಿರುಗಿದನು, ಹಾಸ್ಯವೂ ನಿಂತಿತು.

ಡ್ಯುರಲ್ಯುಮಿನ್ನಿನಲ್ಲಿ ಒಂದು ದೋಷವಿತ್ತು. ಶುದ್ಧ ಅಲ್ಯುಮಿನಿಯಂ ಗಾಳಿಗೆ ಬಂದೊಡನೆ ತನ್ನ ಮೇಲೆ ತಾನೇ ಒಂದು ತೆಳುಪೊರೆಯನ್ನು ಕಟ್ಟಿಕೊಂಡು ಉಳಿಯುವುದು. ತಾಮ್ರ ಸೇರಿದ ಮಿಶ್ರಲೋಹಕ್ಕೆ ಆ ಭಾಗ್ಯವಿಲ್ಲ. ಉಪ್ಪುಗಾಳಿಯು ತಗಲಿದರೆ ಲೋಹದ ಹರಳುಗಳ ಸಂದುಗಳಲ್ಲಿ ಕಿಲುಬು ಒಳಗೊಳಗೇ ಇಳಿಯುವುದು. ಹೊರಗೆ ಹೆಚ್ಚಾಗಿ ಕಾಣಿಸದೆ ತಗಡು ಗೆದ್ದಲು ತಿಂದ ಹಲಗೆಯಂತಾಗುವುದು. ಇದಕ್ಕೆ ಅಮೆರಿಕದಲ್ಲಿ 1927ರ ಸುಮಾರಿಗೆ ಎಡ್ಗರ್ ಡಿಕ್ಸ್ ಎಂಬವರು ಕಂಡುಕೊಂಡ ಪರಿಹಾರವು ಈ ನಾಡಿನ ಯಾವ ಗೃಹಿಣಿಗಾದರೂ ಒಂದೇ ಮಾತಿನಲ್ಲಿ ತಿಳಿಯುವಂತಹದು: ಕಲಾಯಿ. ತಾಮ್ರದ ಹಂಡೆಯ ಒಳಗೆ ನವಸಾಗರವನ್ನು ಹಾಕಿ ತವರವನ್ನು ಬಳಿಯುವಂತೆ, ಗಟ್ಟಿಯಾದ ಮಿಶ್ರಲೋಹದ ಹಾಳೆಯ ಎರಡು ಮೈಗಳಿಗೂ ಶುದ್ಧ ಅಲ್ಯುಮಿನಿಯಮ್ಮಿನ ತೆಳುಪದರವನ್ನು ಕೂಡಿಸಿ ಉರುಳೆಗಳ ನಡುವೆ ಒತ್ತಿದರು. ಒಂದೊಂದು ಪದರವು ಹಾಳೆಯ ದಪ್ಪದಲ್ಲಿ ಸಾಮಾನ್ಯವಾಗಿ ನೂರಕ್ಕೆ ಐದು ಪಾಲಿಗೆ ಮೀರದು. ಇದೇ ‘ಆಲ್‌ಕ್ಲಾಡ್’. ಇದರಲ್ಲಿ ಕಲಾಯಿಗಿಂತ ಒಂದು ಗುಣ ಹೆಚ್ಚು. ಎಲ್ಲಿಯಾದರೂ ಗೀರು ಬಿದ್ದು ಒಳಗಿನ ಲೋಹವು ತೆರೆದುಕೊಂಡರೆ, ಪಕ್ಕದಲ್ಲಿರುವ ಶುದ್ಧ ಪದರವು ತಾನು ಸವೆದು ಅದನ್ನು ಕಾಯುವುದು. ಅಂದಮೇಲೆ ಯಾವ ವಿಮಾನವನ್ನು ‘ಬಣ್ಣವಿಲ್ಲದ ಬರಿಯ ಲೋಹ’ ಎಂದು ಹೇಳುತ್ತಾರೆಯೋ ಅದೂ ವಾಸ್ತವವಾಗಿ ಬರಿಮೈಯದಲ್ಲ. ಕಲಾಯಿ ಹಾಕಿದ ಮೈ. ಹೆಚ್ಚಾಗಿ ತಿಕ್ಕಿದರೆ ಹಂಡೆಯ ಕಲಾಯಿ ಹೋಗುವಂತೆ ಅದರದೂ ಹೋಗುವುದು. ಈ ಮಾತು ಮುಂದೆ ಬೇಕಾಗುತ್ತದೆ.

ಬಟ್ಟೆಯ ಬೆಳ್ಳಿಯೂ ಲೋಹದ ಬೆಳ್ಳಿಯೂ ಒಂದೇ ವಿಮಾನದಲ್ಲಿ ಅಕ್ಕಪಕ್ಕದಲ್ಲಿದ್ದ ಕಾಲವೊಂದಿತ್ತು. 1931ರಲ್ಲಿ ಬ್ರಿಟಿಷ್ ವಾಯುಪಡೆಗೆ ಬಂದ ಹಾಕರ್ ಫ್ಯೂರಿ ವಿಮಾನದ ಮುಂಭಾಗಕ್ಕೆ ಉಜ್ಜಿ ಮಿಂಚಿಸಿದ ಲೋಹದ ತಗಡುಗಳಿದ್ದವು. ಹಿಂಭಾಗಕ್ಕೂ ರೆಕ್ಕೆಗಳಿಗೂ ಬೆಳ್ಳಿಡೋಪು ಬಳಿದ ಬಟ್ಟೆ. ಗಂಟೆಗೆ 200 ಮೈಲಿಯನ್ನು ಮೀರಿದ ಆ ಪಡೆಯ ಮೊದಲನೆಯ ಕಾದಾಟದ ವಿಮಾನವದು. ಕವಾಯತಿನಲ್ಲಿ ಸಾಲಾಗಿ ನಿಂತಾಗ ಅವುಗಳ ಚೆಲುವನ್ನು ಹೊಗಳದವರಿಲ್ಲ. 1938ರ ಸೆಪ್ಟೆಂಬರಿನಲ್ಲಿ ಮ್ಯೂನಿಕ್ ಸಂಧಿಯ ಕಾಲಕ್ಕೆ ಯುದ್ಧವು ಇಂದೋ ನಾಳೆಯೋ ಎಂದಾದಾಗ ಅದೇ ಬೆಳ್ಳಿಯ ಮೈಗಳಿಗೆ ಹಸಿರು, ಮಣ್ಣುಬಣ್ಣಗಳನ್ನು ತರಾತುರಿಯಿಂದ ಬಳಿದರು. ಶಾಂತಿಕಾಲದ ಬೆಳ್ಳಿಯು ಹೀಗೆ ಮುಚ್ಚಿಹೋಯಿತು. 1940ರ ಜುಲೈ ತಿಂಗಳಿನಲ್ಲಿ ಮಂತ್ರಿ ಬೀವರ್‌ಬ್ರುಕ್ಕರು ಇಂಗ್ಲೆಂಡಿನ ಸ್ತ್ರೀಯರಿಗೆ, ಮನೆಯ ಅಲ್ಯುಮಿನಿಯಂ ಪಾತ್ರೆಗಳನ್ನು ವಿಮಾನಗಳಿಗಾಗಿ ಕೊಡಿರೆಂದು ಮನವಿ ಮಾಡಿದರು. ಜನರು ರಾಶಿರಾಶಿಯಾಗಿ ತಂದು ಸುರಿದರು. ಅಡಿಗೆಮನೆಗೆ ಬಂದಿದ್ದ ಲೋಹವು ಮತ್ತೆ ಹೊರಟಿತು, ಈ ಸಲ ಆಕಾಶಕ್ಕೆಂದು.

ಎರಡನೆಯ ಮಹಾಯುದ್ಧದ ನಡುವಿನಲ್ಲಿ ಒಂದು ವಿಪರ್ಯಾಸವು ನಡೆಯಿತು. ಯುದ್ಧವಿನ್ನೂ ಘೋರವಾಗಿ ಸಾಗಿರುವಾಗಲೇ ಅಮೆರಿಕದ ಸೇನಾ ವಾಯುಪಡೆಯು ತನ್ನ ವಿಮಾನಗಳಿಗೆ ಮರೆಬಣ್ಣವನ್ನು ಬಳಿಯುವುದನ್ನು ನಿಲ್ಲಿಸಲು 1943ರ ಕೊನೆಯಲ್ಲಿ ನಿಶ್ಚಯಿಸಿತು. 1944ರ ಆರಂಭದ ತಿಂಗಳುಗಳಿಂದ ಕಾರ್ಖಾನೆಗಳಿಂದ ಹೊರಬಿದ್ದ ಬಾಂಬುವಿಮಾನಗಳೂ ಕಾದಾಟದ ವಿಮಾನಗಳೂ ಲೋಹದ ಬಣ್ಣದಲ್ಲಿಯೇ ಇದ್ದವು. ಕಾರಣಗಳು ಹಲವು. ದೊಡ್ಡ ಬಾಂಬುವಿಮಾನಕ್ಕೆ ಬಳಿದ ಬಣ್ಣದ ಭಾರವು ಸುಮಾರು 70ರಿಂದ 80 ಪೌಂಡು, ಚಿಕ್ಕ ವಿಮಾನಕ್ಕೆ 15ರಿಂದ 20 ಪೌಂಡು. ಅದು ಉಳಿದರೆ ವೇಗವೂ ಕೆಲವು ಮೈಲಿ ಹೆಚ್ಚುವುದು. ಕಾರ್ಖಾನೆಯಲ್ಲಿ ಕೆಲಸದ ಗಂಟೆಗಳೂ ಉಳಿಯುವುವು. ಆದರೆ ಮುಖ್ಯವಾದ ಕಾರಣ ಬೇರೆ. ರೇಡಾರ್ ಯಂತ್ರಕ್ಕೆ ಹಸಿರೂ ಒಂದೇ ಬಿಳುಪೂ ಒಂದೇ. ನೂರಾರು ವಿಮಾನಗಳು ಕೂಡಿ ಹಗಲಿನಲ್ಲಿ, ಬೆನ್ನ ಹಿಂದೆ ಬಿಳಿಯ ಹಬೆಯ ಗೆರೆಗಳನ್ನು ಎಳೆಯುತ್ತ ಹೋಗುವಾಗ ಬಣ್ಣದಿಂದ ಅಡಗುವ ಮಾತೆಲ್ಲಿಯದು? ಮೇಲಾಗಿ ಜೊತೆಯಲ್ಲಿ ಕಾವಲಿನ ವಿಮಾನಗಳಿದ್ದವು. ಶತ್ರುವು ನೋಡಲಿ, ಮೇಲಕ್ಕೆ ಬರಲಿ, ಬಂದರೆ ಹೊಡೆಯೋಣ ಎಂಬ ಸ್ಥಿತಿಗೆ ಅವರು ಬಂದಿದ್ದರು. ಹಾಗಿದ್ದರೂ ಹಸಿರು ವಿಮಾನಗಳ ಗುಂಪಿನಲ್ಲಿ ಒಂದೆರಡು ಬಿಳಿಯವು ಸೇರಿದ ಮೊದಲ ವಾರಗಳಲ್ಲಿ, ಅವುಗಳಲ್ಲಿ ಕುಳಿತವರಿಗೆ ತಮ್ಮನ್ನೇ ಆರಿಸಿಕೊಂಡು ಹೊಡೆಯುವರೋ ಎಂಬ ಅಂಜಿಕೆಯಿತ್ತು. ಮೇಲಧಿಕಾರಿಗಳ ಲೆಕ್ಕಪತ್ರದಲ್ಲಿ ಈ ಅಂಜಿಕೆಗೆ ತೂಕವಿಲ್ಲ.

ವಿಮಾನವನ್ನು ಪೂರ್ತಿಯಾಗಿ ಬರಿಮೈಯಲ್ಲಿ ಬಿಡಲಿಲ್ಲವೆಂಬುದನ್ನೂ ನೆನೆಯಬೇಕು. ಚಾಲಕನ ಕಣ್ಣಮುಂದಿನ ಮೂತಿಯ ಮೇಲ್ಭಾಗವು ಕನ್ನಡಿಯಂತೆ ಹೊಳೆದು ಕಣ್ಣು ಕುಕ್ಕದಿರಲೆಂದು ಅಲ್ಲಿ ಮಾತ್ರ ಕಾಂತಿಯಿಲ್ಲದ ಹಸಿರನ್ನು ಉಳಿಸಿಕೊಂಡರು.

ಈಗ ಮಸ್ಟಾಂಗ್ ವಿಮಾನದ ಪ್ರಸಂಗ. ಬಾಂಬುವಿಮಾನಗಳ ಜೊತೆಗೆ ಬರ್ಲಿನ್ನಿನವರೆಗೆ ಹೋಗಿ ಬರಬಲ್ಲ ಈ ಕಾವಲಿನ ವಿಮಾನವು 1944ರಲ್ಲಿ ಯುರೋಪಿನ ಆಕಾಶವನ್ನು ಆಳಿತು; ಬೆಳ್ಳಿಯ ಮಸ್ಟಾಂಗಿನ ಚಿತ್ರವನ್ನು ನೋಡದ ವಿಮಾನಪ್ರಿಯರಿಲ್ಲ. ಅದರ ರೆಕ್ಕೆಯನ್ನು ಒಂದು ಹೊಸ ತತ್ತ್ವದ ಮೇಲೆ ರಚಿಸಿದ್ದರು. ಗಾಳಿಯು ರೆಕ್ಕೆಯ ಮೇಲೆ ಸುಳಿಗಟ್ಟದೆ, ಪದರದ ಮೇಲೆ ಪದರವಾಗಿ, ಆದಷ್ಟು ಹಿಂದಿನವರೆಗೆ ನಯವಾಗಿ ಹರಿಯಬೇಕೆಂಬುದೇ ಆ ತತ್ತ್ವ. ಅದಕ್ಕೆ ಮೈಯು ಗಾಜಿನಂತೆ ನುಣುಪಾಗಿರಬೇಕು. ತಗಡು ತಗಡು ಸೇರುವಲ್ಲಿನ ಸಂದು, ರಿವೆಟ್ಟಿನ ತಲೆಯ ಸುತ್ತಲಿನ ತಗ್ಗು, ಇಷ್ಟಿದ್ದರೂ ಗಾಳಿಯು ಕದಡುವುದು. ಆದಕಾರಣ ಕಾರ್ಖಾನೆಯಲ್ಲಿ ಆ ಸಂದುಗಳಿಗೂ ತಗ್ಗುಗಳಿಗೂ ಪುಟ್ಟಿಯನ್ನು ತುಂಬಿ, ಒಣಗಿದ ಮೇಲೆ ಮರಳುಕಾಗದದಿಂದ ಉಜ್ಜಿ, ಅದರ ಮೇಲೆ ಅಸ್ತರಿಬಣ್ಣವನ್ನು ಕೊಡುತ್ತಿದ್ದರು. ಪುಟ್ಟಿಯ ತೇಪೆಗಳು ಕಾಣುವ ರೆಕ್ಕೆಯನ್ನು ಹಾಗೆಯೇ ಬಿಡುವಂತಿಲ್ಲ. ಒಡಲಿನ ಲೋಹಕ್ಕೆ ಹೊಂದಲೆಂದು ಅಲ್ಯುಮಿನಿಯಂ ಪುಡಿಯ ಮೆರುಗೆಣ್ಣೆಯನ್ನು ಮೇಲೆ ಬಳಿದರು. ಹೀಗಾಗಿ ಆ ಒಂದೇ ವಿಮಾನದಲ್ಲಿ ಮೂರು ಬೆಳ್ಳಿಗಳು ಕೂಡಿವೆ. ಒಡಲಿನದು ಲೋಹದ ಸ್ವಂತ ಕಾಂತಿ. ರೆಕ್ಕೆಯದು ಲೋಹದ ಮೇಲೆ ಲೋಹದ ವೇಷ. ಬಾಲದ ಚುಕ್ಕಾಣಿಗೆ ಹೊದಿಸಿದ್ದುದು ಬಟ್ಟೆ; ಅಲ್ಲಿಯದು 1920ರ ಕಾಲದ ಅದೇ ಬೆಳ್ಳಿಡೋಪು.

ಈ ಸಂಗತಿಯು ಬಹುಕಾಲ ಮರೆತುಹೋಗಿತ್ತು. ಏಕೆಂದರೆ ಯುದ್ಧದ ನಂತರ ಉಳಿದ ಮಸ್ಟಾಂಗುಗಳನ್ನು ಶ್ರೀಮಂತ ಹವ್ಯಾಸಿಗಳು ಕೊಂಡು, ತಲೆಯಿಂದ ಬಾಲದವರೆಗೆ, ರೆಕ್ಕೆಗಳನ್ನೂ ಬಿಡದೆ, ಮುಖ ಕಾಣುವಂತೆ ತಿಕ್ಕಿ ಮಿಂಚಿಸಿದರು. ಜಾತ್ರೆಯಲ್ಲಿ ಹಾರುವ ವಿಮಾನಕ್ಕೆ ಅದು ಶೋಭೆಯೇ ಸರಿ. ಕಲಾಯಿ ಸವೆಯುವುದೊಂದು ಮಾತ್ರ ನಷ್ಟ. ಆದರೆ ಯುದ್ಧಕಾಲದ ವಿಮಾನವು ಹಾಗಿರಲಿಲ್ಲ. ಅದರ ಲೋಹವು ಮಳೆಗಾಳಿಗೆ ಮಂಕಾಗಿತ್ತು. ಬಂದೂಕಿನ ಹೊಗೆಯೂ ಎಂಜಿನಿನ ಎಣ್ಣೆಯೂ ಮೈಗೆ ಹತ್ತಿದ್ದವು. ತಗಡು ತಗಡಿಗೂ ಬಣ್ಣದ ಛಾಯೆ ಬೇರೆಯಾಗಿತ್ತು. ನೋಡುವವರು ಇಂದಿನ ಹೊಳಪನ್ನು ಅಂದಿನ ವಿಮಾನದ ಮೇಲೆ ಆರೋಪಿಸಿಕೊಂಡರು. ಭ್ರಾಂತಿಯಲ್ಲಿ ಕಾಣುವ ಬೆಳ್ಳಿಯು ಸುಳ್ಳಲ್ಲ, ಬೇರೊಂದೆಡೆ ಕಂಡ ನಿಜವಾದ ಬೆಳ್ಳಿಯೇ ಇಲ್ಲಿ ಕಾಣುತ್ತದೆ ಎಂದು ನೈಯಾಯಿಕರು ವಾದಿಸುವರು. ಅನ್ಯಥಾಖ್ಯಾತಿ ಎಂದು ಅದಕ್ಕೆ ಹೆಸರು. ಮಸ್ಟಾಂಗಿನ ವಿಷಯದಲ್ಲಿ ಅವರ ಪಕ್ಷವೇ ಗೆಲ್ಲುವಂತಿದೆ. ಹಳೆಯ ಕಪ್ಪುಬಿಳುಪಿನ ಛಾಯಾಚಿತ್ರವನ್ನು ನಿಧಾನವಾಗಿ ನೋಡಿದರೆ ಸತ್ಯವು ಅಲ್ಲಿಯೇ ಇದೆ: ಒಡಲಿನಲ್ಲಿ ತಗಡುಗಳ ಚೌಕಗಳು ಒಂದು ಹೊಳಪಾಗಿ ಒಂದು ಮಸಕಾಗಿ ಕಾಣುವುವು, ರೆಕ್ಕೆಯು ಮಾತ್ರ ಸಂದಿಲ್ಲದೆ, ಒಂದೇ ಸಮನಾದ ಬೂದಿಬಿಳುಪಿನಲ್ಲಿರುವುದು.

ಬರಿಯ ಲೋಹದ ಹೊಳಪು ಅಮೆರಿಕದವರಿಗೂ ಎಲ್ಲ ಕಡೆ ಅನುಕೂಲಿಸಲಿಲ್ಲ. 1945ರಲ್ಲಿ ಬಿ-29 ಎಂಬ ಮಹಾವಿಮಾನಗಳು ಜಪಾನಿನ ನಗರಗಳ ಮೇಲೆ ರಾತ್ರಿಯಲ್ಲಿ ದಾಳಿಮಾಡತೊಡಗಿದಾಗ ನೆಲದ ಶೋಧಕ ದೀಪಗಳ ಬೆಳಕು ಅವುಗಳ ಹೊಟ್ಟೆಯ ಮೇಲೆ ಬಿದ್ದು ಹೊಳೆಯುತ್ತಿತ್ತು. ಆಗ ಅನೇಕ ವಿಮಾನಗಳ ಕೆಳಮೈಗೆ ಹೊಳೆಯುವ ಕಪ್ಪನ್ನು ಬಳಿದರು. ಆಗಸ್ಟ್ 6ರಂದು ಹಿರೋಶಿಮಾದ ಮೇಲೆ ಬಂದ ವಿಮಾನಕ್ಕೆ ಅಂತಹ ಕಪ್ಪೇನೂ ಇರಲಿಲ್ಲ. ಅದು ಹಗಲಿನಲ್ಲಿ ಬಂದಿತು. ಹವೆಯನ್ನು ನೋಡಲು ಮುಂದಾಗಿ ಬಂದ ವಿಮಾನವು ಹಿಂದಿರುಗಿದ ಮೇಲೆ 7 ಗಂಟೆ 31 ನಿಮಿಷಕ್ಕೆ ಅಪಾಯವು ಕಳೆಯಿತೆಂಬ ಸೂಚನೆಯನ್ನು ಕೊಟ್ಟಿದ್ದರು. ಜನರು ಬೀದಿಗೆ ಬಂದಿದ್ದರು; ಶಾಲೆಯ ಮಕ್ಕಳು ಕೆಲಸಕ್ಕೆ ನಿಂತಿದ್ದರು. 8 ಗಂಟೆ 15 ನಿಮಿಷಕ್ಕೆ ಬಾಂಬು ಬಿದ್ದಿತು. ಬದುಕಿ ಉಳಿದವರು ಮುಂದೆ ಹೇಳಿದ ನೆನಪುಗಳಲ್ಲಿ ಮೋಡವಿಲ್ಲದ ನೀಲಿಯ ಆಕಾಶವೂ ಅದರಲ್ಲಿ ಬಹು ಎತ್ತರದಲ್ಲಿ ಮಿನುಗಿದ ಬೆಳ್ಳಿಯ ವಿಮಾನವೂ ಮತ್ತೆ ಮತ್ತೆ ಬರುವುವು. ಸುಂದರವಾಗಿತ್ತೆಂದು ತಲೆಯೆತ್ತಿ ನೋಡಿದವರುಂಟು. ಎನೋಲಾ ಗೇ ಎಂಬ ಆ ವಿಮಾನವನ್ನು 1984ರಿಂದ ಅನೇಕ ವರ್ಷಗಳವರೆಗೆ ಜೀರ್ಣೋದ್ಧಾರ ಮಾಡಿ, 2003ರಲ್ಲಿ ವಾಷಿಂಗ್‌ಟನ್ನಿಗೆ ಸಮೀಪದ ಸಂಗ್ರಹಾಲಯದಲ್ಲಿ ನಿಲ್ಲಿಸಿದರು. ಅದರ ಲೋಹವನ್ನು ಬಹು ಎಚ್ಚರಿಕೆಯಿಂದ ಉಜ್ಜಿ ಬೆಳಗಿದ್ದಾರೆ. ಎಷ್ಟು ಬೆಳಗಬೇಕಾಗಿತ್ತೆಂಬುದನ್ನು ನೋಡುವವರು ಅವರವರೇ ನಿರ್ಧರಿಸಿಕೊಳ್ಳಬೇಕು.

ಅದೇ ಯುದ್ಧದ ಬೆಳ್ಳಿಯು ಬೇರೊಂದು ದಾರಿಯಿಂದ ಬೆಂಗಳೂರಿಗೂ ಬಂದಿತು. ವಾಲ್‌ಚಂದ್ ಹೀರಾಚಂದರು ಮೈಸೂರು ಸರಕಾರದ ಸಹಭಾಗಿತ್ವದಿಂದ 1940ರ ಡಿಸೆಂಬರಿನಲ್ಲಿ ಸ್ಥಾಪಿಸಿದ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆಯು ಯುದ್ಧಕಾಲದಲ್ಲಿ ಅಮೆರಿಕದ ವಿಮಾನಗಳನ್ನು ರಿಪೇರಿ ಮಾಡುವ ದೊಡ್ಡ ಕೇಂದ್ರವಾಗಿತ್ತು. ಯುದ್ಧವು ಮುಗಿದಾಗ ಬ್ರಿಟಿಷರ ವಶದಲ್ಲಿದ್ದ ಲಿಬರೇಟರ್ ಎಂಬ ಅಮೆರಿಕದ ಬಾಂಬುವಿಮಾನಗಳನ್ನು ಒಪ್ಪಂದದಂತೆ ಹಿಂದಕ್ಕೆ ಕೊಡಬೇಕು ಅಥವಾ ಕೆಲಸಕ್ಕೆ ಬಾರದಂತೆ ಮಾಡಬೇಕಾಗಿತ್ತು. ಕಾನ್‌ಪುರದ ಮೈದಾನದಲ್ಲಿ ಅವುಗಳನ್ನು ಸಾಲಾಗಿ ಬಿಟ್ಟು ಕೆಡಿಸಿದರು. ಎಂಜಿನುಗಳಿಗೆ ಮರಳನ್ನು ಸುರಿದಿದ್ದರೆಂದೂ ಹೇಳುತ್ತಾರೆ. ಸ್ವತಂತ್ರ ಭಾರತಕ್ಕೆ ಬಾಂಬುವಿಮಾನಗಳು ಬೇಕಾದಾಗ ಬೆಂಗಳೂರಿನ ಕೆಲಸಗಾರರು ಅಲ್ಲಿಗೆ ಹೋಗಿ, ಒಂದರ ಅಂಗವನ್ನು ಇನ್ನೊಂದಕ್ಕೆ ಜೋಡಿಸಿ, ಒಂದು ಸಲ ಹಾರುವಷ್ಟರ ಮಟ್ಟಿಗೆ ಸರಿಪಡಿಸಿದರು. ಕಾರ್ಖಾನೆಯ ಪರೀಕ್ಷಾಚಾಲಕ ಜಂಷೇದ್ ಮುನ್ಷಿಯವರು ಅವುಗಳನ್ನು ಒಂದೊಂದಾಗಿ ಬೆಂಗಳೂರಿಗೆ ಹಾರಿಸಿಕೊಂಡು ಬಂದರು. ಹೀಗೆ ಉದ್ಧಾರವಾದವು ಸುಮಾರು 42. 1948ರ ನವೆಂಬರಿನಿಂದ ವಾಯುಪಡೆಯ ಸೇವೆಗೆ ಸೇರಿ 1968ರವರೆಗೆ ಇವು ನಡೆದವು. ಆ ಕಾಲದ ಚಿತ್ರಗಳಲ್ಲಿ, ಮರೆಬಣ್ಣವಿಲ್ಲದ ಬೆಳ್ಳಿಯ ಮೈಯ ಮೇಲೆ ಭಾರತದ ಮೂರು ಬಣ್ಣಗಳ ಚಕ್ರವನ್ನು ಧರಿಸಿ ಅವು ನಿಂತಿರುವುವು. ಸೇವೆಯಿಂದ ನಿವೃತ್ತವಾದ ಮೇಲೆ ಇಂಗ್ಲೆಂಡು, ಕೆನಡ, ಅಮೆರಿಕ ದೇಶಗಳ ಸಂಗ್ರಹಾಲಯಗಳು ಕೆಲವನ್ನು ಪಡೆದುಕೊಂಡವು. ಸಾವಿರಸಾವಿರವಾಗಿ ತಯಾರಾದ ಆ ಜಾತಿಯ ವಿಮಾನಗಳಲ್ಲಿ ಇಂದು ಜಗತ್ತಿನಲ್ಲಿ ಉಳಿದಿರುವ ಬೆರಳೆಣಿಕೆಯವುಗಳ ಪೈಕಿ ಹಲವು ಬೆಂಗಳೂರಿನಲ್ಲಿ ಮರುಹುಟ್ಟು ಪಡೆದವುಗಳೇ.

ಶಾಂತಿಯ ಬೆಳ್ಳಿಯನ್ನು ಅವಸರದಲ್ಲಿ ಮುಚ್ಚುವ 1938ರ ದೃಶ್ಯವು ಭಾರತದಲ್ಲಿಯೂ ನಡೆಯಿತು. 1965ರ ಸೆಪ್ಟೆಂಬರಿನಲ್ಲಿ ಪಾಕಿಸ್ತಾನದೊಡನೆ ಯುದ್ಧವು ಆರಂಭವಾದಾಗ ವಾಯುಪಡೆಯ ಅನೇಕ ವಿಮಾನಗಳು ಬೆಳ್ಳಿಯ ಬಣ್ಣದಲ್ಲಿಯೇ ಇದ್ದವು. ಬೆಂಗಳೂರಿನಲ್ಲಿ ತಯಾರಾದ ನ್ಯಾಟ್ ವಿಮಾನಗಳೂ ಅವುಗಳಲ್ಲಿದ್ದವು. ಬೆಳ್ಳಿಯ ವಿಮಾನವು ಆಕಾಶದಲ್ಲಿ ಹೇಗೋ ತಪ್ಪಿಸಿಕೊಂಡೀತು. ಹಸಿರು ಹೊಲಗಳ ನಡುವೆ ನಿಂತಾಗ ಮೇಲಿನಿಂದ ಬರುವವನಿಗೆ ಅದು ದೀಪವಿಟ್ಟಂತೆ ತೋರುವುದು. ದಳಗಳವರು ಕೈಗೆ ಸಿಕ್ಕ ಬಣ್ಣವನ್ನು ಸಿಕ್ಕ ಕುಂಚದಿಂದ ಬಳಿದುಕೊಂಡರು. ಬರಿಯ ಲೋಹದ ಮೈಯಲ್ಲಿಯೇ ಬಂದಿದ್ದ ಮಿಗ್-21 ವಿಮಾನಗಳಿಗೆ 1971ರ ಯುದ್ಧದ ಸಮಯದಲ್ಲಿ ದಳಕ್ಕೊಂದು ಬಗೆಯ ಹಸಿರುಕಂದುಗಳ ರೂಪವಾಯಿತು. ಮುಂದೆ ಎಲ್ಲ ದೇಶಗಳಲ್ಲಿಯೂ ಬರಿಯ ಲೋಹವು ಹಿಂದಕ್ಕೆ ಸರಿಯಿತು. ಅಮೆರಿಕದವರು ವಿಯಟ್ನಾಮಿನ ಕಾಡಿನ ಮೇಲೆ 1965ರಿಂದ ಹಸಿರುಕಂದಿಗೆ ತಿರುಗಿದರು. ಉಳಿದವರು ಬೂದುಬಣ್ಣವನ್ನು ಹಿಡಿದರು.

ಹೋದ ಬೆಳ್ಳಿಯನ್ನು ಇಂದು ಎಲ್ಲರಿಗಿಂತ ಹೆಚ್ಚಾಗಿ ವಿಚಾರಿಸುತ್ತಿರುವವರು ಕಿರುಮಾದರಿಗಳನ್ನು ಮಾಡುವ ಹವ್ಯಾಸಿಗಳು. ಇದನ್ನು ಮಕ್ಕಳಾಟವೆಂದು ತಳ್ಳುವಂತಿಲ್ಲ. 1936ರಲ್ಲಿ ಇಂಗ್ಲೆಂಡಿನಲ್ಲಿ ಫ್ರಾಗ್ ಎಂಬ ಹೆಸರಿನವರು ಎಪ್ಪತ್ತೆರಡರಲ್ಲಿ ಒಂದು ಪಾಲಿನ ಅಳತೆಯ ಪ್ಲಾಸ್ಟಿಕ್ ಮಾದರಿಗಳನ್ನು ಮಾರಾಟಕ್ಕೆ ತಂದರು. 1942ರಲ್ಲಿ ಅಮೆರಿಕದ ನೌಕಾಪಡೆಯು, ವಿಮಾನವನ್ನು ದೂರದಿಂದಲೇ ಗುರುತಿಸುವ ಶಿಕ್ಷಣಕ್ಕಾಗಿ, ಇದೇ ಅಳತೆಯ ಮರದ ಮಾದರಿಗಳನ್ನು ಐದು ಲಕ್ಷದಷ್ಟು ಮಾಡಿಕೊಡಿರೆಂದು ಶಾಲೆಯ ಮಕ್ಕಳನ್ನೇ ಕೇಳಿತು. ಅವಕ್ಕೆ ಬಳಿದದ್ದು ಕಪ್ಪು. ಆಕಾಶದಲ್ಲಿ ಮೊದಲು ಕಾಣುವುದು ಆಕಾರ, ಬಣ್ಣವಲ್ಲವೆಂಬುದು ಅವರಿಗೆ ತಿಳಿದಿತ್ತು.

ಮಾದರಿಕಾರನಿಗೆ ಎಲ್ಲ ಬಣ್ಣಗಳಿಗಿಂತ ಕಠಿನವಾದುದು ಬೆಳ್ಳಿ. ಎಪ್ಪತ್ತೆರಡು ಪಟ್ಟು ಕುಗ್ಗಿದ ವಿಮಾನದ ಮೇಲೆ ಸಾಮಾನ್ಯ ಬೆಳ್ಳಿಬಣ್ಣದ ಒಂದೊಂದು ಚೂರೂ ಲೆಕ್ಕದಲ್ಲಿ ಎಪ್ಪತ್ತೆರಡು ಪಟ್ಟು ದೊಡ್ಡದಾದಂತೆ. ನೋಡುವವನಿಗೆ ಲೋಹದ ಬದಲು ಮರಳು ಕಾಣುವುದು. ಕೆಲವರು ಅಡಿಗೆಮನೆಯ ತೆಳು ಅಲ್ಯುಮಿನಿಯಂ ಹಾಳೆಗೆ ಅಂಟನ್ನು ಹಚ್ಚಿ, ಮಿಠಾಯಿಗೆ ಬೆಳ್ಳಿಯ ವರಖನ್ನು ಹಚ್ಚುವಂತೆ, ತುಂಡು ತುಂಡಾಗಿ ಮೈಗೆ ಹೊದಿಸುವರು. ಆ ಹಾಳೆಯ ಒಂದು ಮೈ ಹೊಳಪು, ಇನ್ನೊಂದು ಮಸಕು. ಕಾರ್ಖಾನೆಯಲ್ಲಿ ಕೊನೆಯ ಸಲ ಎರಡು ಹಾಳೆಗಳನ್ನು ಜೋಡಿಸಿ ಉರುಳೆಗೆ ಕೊಡುವುದರಿಂದ ಉರುಳೆಗೆ ತಾಗಿದ ಮೈ ಹೊಳೆಯುವುದು, ಒಂದಕ್ಕೊಂದು ತಾಗಿದ ಮೈಗಳು ಮಸಕಾಗಿ ಉಳಿಯುವುವು. ಒಂದು ತಗಡಿಗೆ ಈ ಮೈ, ಪಕ್ಕದ ತಗಡಿಗೆ ಆ ಮೈ ಎಂದು ಹಚ್ಚಿದರೆ ನಿಜವಾದ ವಿಮಾನದ ಛಾಯಾಭೇದವು ತಾನಾಗಿ ಬರುವುದು. ಇನ್ನು ಕೆಲವರು ಬಹು ಸೂಕ್ಷ್ಮವಾದ ಲೋಹಕಣಗಳ ಮೆರುಗೆಣ್ಣೆಯನ್ನು ಗಾಳಿಯ ಕುಂಚದಿಂದ ಸಿಂಪಡಿಸುವರು. ಆಲ್‌ಕ್ಲಾಡ್ ಎಂಬ ಹೆಸರಿನಲ್ಲಿಯೇ ಅಂತಹದೊಂದು ಮಾರಾಟವಾಗುತ್ತದೆ. ಹೆಸರು ಕಲಾಯಿಯದು, ವಸ್ತು ಬಣ್ಣದ್ದು. ಅದನ್ನು ಬಳಸುವ ಕ್ರಮವೂ ಕುತೂಹಲಕರ. ಮೊದಲು ಮಾದರಿಯ ಮೈಯನ್ನು ಗೀರೊಂದೂ ಉಳಿಯದಂತೆ ಉಜ್ಜಿ, ಹೊಳೆಯುವ ಕಪ್ಪನ್ನು ಹಚ್ಚಬೇಕು. ಆ ಕಪ್ಪು ಎಷ್ಟು ನುಣುಪೋ ಮೇಲೆ ಬರುವ ಬೆಳ್ಳಿಯು ಅಷ್ಟು ನಿಜವಾಗಿ ಕಾಣುವುದು. ಕೂದಲೆಳೆಯಷ್ಟು ಗೀರು ಕೆಳಗಿದ್ದರೂ ಬೆಳ್ಳಿಯು ಅದನ್ನು ಮುಚ್ಚದೆ ಎತ್ತಿ ತೋರಿಸುವುದು.

ತಿಳಿದ ಮಾದರಿಕಾರನು ವಾಪಿಟಿಯನ್ನು ಮಾಡುವಾಗ ಈ ಸಾಹಸಕ್ಕೆ ಹೋಗುವುದಿಲ್ಲ. ಬಟ್ಟೆಯ ಭಾಗಗಳಿಗೆ ಮಿಂಚಿಲ್ಲದ ಬೆಳ್ಳಿಬಣ್ಣವನ್ನು ಸಮನಾಗಿ ಬಳಿದು ಸುಮ್ಮನಾಗುವನು. ಲಿಬರೇಟರನ್ನು ಮಾಡುವಾಗ ತಗಡು ತಗಡಿಗೂ ಛಾಯೆಯನ್ನು ಬೇರೆಮಾಡಿ, ಕಾನ್‌ಪುರದ ಎರಡು ಮೂರು ವಿಮಾನಗಳ ಅಂಗಗಳು ಒಂದರಲ್ಲಿ ಕೂಡಿದ್ದವೆಂಬುದನ್ನು ನೆನೆಯುವನು. ಮಸ್ಟಾಂಗನ್ನು ಕೈಗೆ ತೆಗೆದುಕೊಂಡಾಗ ಒಡಲಿಗೆ ಕಪ್ಪಿನ ಮೇಲೆ ಲೋಹದ ಮೆರುಗನ್ನು ಕೊಟ್ಟು, ಅದು ಒಣಗಿದ ಮೇಲೆ ಕಾಗದದ ಪಟ್ಟಿಯಿಂದ ಮರೆಮಾಡಿ, ರೆಕ್ಕೆಯ ಮೇಲಿನ ಸಂದುಗಳನ್ನು ಪುಟ್ಟಿಯಿಂದ ತುಂಬಿ ಉಜ್ಜುವನು. ಪೆಟ್ಟಿಗೆಯಲ್ಲಿ ಬಂದ ರೆಕ್ಕೆಯ ಮೇಲೆ ಅಚ್ಚಿನವನು ಅಂದವಾಗಿ ಕೊರೆದಿದ್ದ ರಿವೆಟ್ಟುಗಳ ಸಾಲುಗಳೆಲ್ಲವೂ ಹೀಗೆ ಮುಚ್ಚಿಹೋಗುವುವು. ಅದರ ಮೇಲೆ ಸಾಧಾರಣ ಬೆಳ್ಳಿಬಣ್ಣವನ್ನು ಬಳಿದು, ಚುಕ್ಕಾಣಿಗೆ ಅದಕ್ಕಿಂತಲೂ ಮಂಕಾದ ಇನ್ನೊಂದನ್ನು ಕಲಸಿಕೊಳ್ಳುವನು.